ಐಸೋ ಇ ಸೂಪರ್ ಅನ್ನುವ ಸುಗಂಧದ ದ್ರವ ತರಿಸಿದೆ, ವಾಸನೆಯೇ ಬರುತ್ತಿಲ್ಲ. ಮೋಸ ಹೋದೆನಾ?

ಸಾಣೆಕಲ್ಲು, ಮೈಸೂರು:
ಎಲ್ಲರಿಗೂ ನಮಸ್ಕಾರ. ನಾನು ಕುವೆಂಪುನಗರದವಳು. ಮನೆಯಲ್ಲೇ ಸ್ವಲ್ಪ ಸ್ವಲ್ಪ ಧೂಪ, ಅತ್ತರು ಮಾಡುತ್ತೇನೆ. ನೆಂಟರು, ಅಕ್ಕಪಕ್ಕದವರು ತೆಗೆದುಕೊಳ್ಳುತ್ತಾರೆ.

ನಮ್ಮ ಮಾವನವರು ದಿನಾ ಬೆಳಿಗ್ಗೆ ಗಂಧ ತೇಯುತ್ತಾರೆ. ಆ ಕೊರಡು ಅವರ ತಂದೆಯ ಕಾಲದ್ದು. ತೇದು ತೇದು ಈಗ ಹೆಬ್ಬೆರಳಿನಷ್ಟು ಉಳಿದಿದೆ. ಮೊದಲು ಅದರ ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿ ರೇಷ್ಮೆ ಸೀರೆ ಇಡುವ ಬೀರುವಿನಲ್ಲಿ ಇಡುತ್ತಿದ್ದೆವು. ಈಗ ಚೂರು ಎಲ್ಲಿಂದ ತರುವುದು? ಒಳ್ಳೆಯ ಗಂಧದೆಣ್ಣೆ ಕಿಲೋಗೆ ಲಕ್ಷಗಟ್ಟಲೆ. ಐದು ಗ್ರಾಂ ತಂದಿದ್ದೇನೆ, ಹನಿ ಹನಿ ಲೆಕ್ಕ ಹಾಕಿ ಬಳಸುತ್ತಿದ್ದೇನೆ. ಅದಕ್ಕೆ ಜೊತೆಯಾಗಿ ಮರದ ವಾಸನೆ ಕೊಡುವ ಇನ್ನೊಂದು ಬೇಕು ಅಂತ ಹುಡುಕಿದಾಗ ಐಸೋ ಇ ಸೂಪರ್ ಹೆಸರು ಸಿಕ್ಕಿತು. ಒಂದು ಅಂಗಡಿಯಿಂದ 25 ಗ್ರಾಂ ತರಿಸಿದೆ.

ಮುಚ್ಚಳ ತೆಗೆದು ಮೂಸಿದೆ. ಏನೂ ಇಲ್ಲ. ನೀರಿನ ಹಾಗೆ ಬಣ್ಣವಿಲ್ಲದ ದ್ರವ, ಸ್ವಲ್ಪ ಮಂದ. ಕಾಗದದ ಪಟ್ಟಿಗೆ ಅದ್ದಿ ನೋಡಿದೆ. ಒಂದು ಕ್ಷಣ ಪೆನ್ಸಿಲ್ ಕೆತ್ತಿದ ಹಾಗೆ ಏನೋ ಬಂತು, ಆಮೇಲೆ ಮಾಯ. ಅಂಗಡಿಗೆ ಫೋನ್ ಮಾಡಿದರೆ "ಅದು ಹಾಗೇ ಮೇಡಂ" ಅಂದು ಇಟ್ಟುಬಿಟ್ಟರು. ನನಗೆ ತುಂಬಾ ಬೇಜಾರಾಗಿದೆ. ಗೊತ್ತಿರುವವರು ಹೇಳಿ, ಇದು ನಕಲಿಯಾ?

ಮಂಡ್ಯದಬೆಲ್ಲ:
ಅಕ್ಕ, ಕಲಬೆರಕೆ ಇರಬಹುದು. ವಾಸನೆ ಇಲ್ಲದ ಸೆಂಟು ಯಾಕೆ ಬೇಕು? ವಾಪಸ್ ಕೊಡಿ.

ಲಾವಂಚ:
ತಡೆಯಿರಿ, ವಾಪಸ್ ಕೊಡಬೇಡಿ. ನನಗೂ ಮೊದಲ ಸಲ ಹೀಗೇ ಆಗಿತ್ತು. ಆರು ವರ್ಷದಿಂದ ಹವ್ಯಾಸಕ್ಕೆ ಸುಗಂಧ ಬೆರೆಸುತ್ತಿದ್ದೇನೆ. ನನ್ನ ಕಪಾಟಿನಲ್ಲಿ ಅತಿ ಬೇಗ ಖಾಲಿಯಾಗುವ ಬಾಟಲಿ ಇದೇ.

ನೀವು ಹೇಳಿದ "ಪೆನ್ಸಿಲ್ ಕೆತ್ತಿದ ಹಾಗೆ" ಸರಿಯಾಗಿದೆ. ಒಣಗಿದ ದೇವದಾರು ಮರ, ಒಳಗೆ ಸ್ವಲ್ಪ ಅಂಬರ್, ಮೇಲೆ ಮಖಮಲ್ಲು ಸವರಿದ ಹಾಗೆ ಒಂದು ಮೆತ್ತಗಿನ ಭಾವ. ಅದರ ವಾಸನೆ ಅಷ್ಟೇ. ಗಂಧದ ಹಾಗೆ ಇರುವುದಿಲ್ಲ, ಅದನ್ನು ಮೊದಲೇ ತಿಳಿದುಕೊಳ್ಳಿ. ಮೂಗಿಗೆ ಹಿಡಿದು ಹುಡುಕಿದರೆ ಸಿಗುವುದಿಲ್ಲ. ಒಂದು ಪಟ್ಟಿಗೆ ಹಚ್ಚಿ ಕೋಣೆಯಲ್ಲಿಟ್ಟು ಹೊರಗೆ ಹೋಗಿ. ಅರ್ಧ ಗಂಟೆ ಬಿಟ್ಟು ಬನ್ನಿ. ಬಾಗಿಲು ದಾಟುವಾಗ ಏನಾದರೂ ಬಂತಾ ಹೇಳಿ.

ಬೀಕರು:
ನಾನು ಮಂಡ್ಯದಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನನಗೆ ತುಂಬಾ ಇಷ್ಟದ ವಸ್ತು ಇದು.

ಐಸೋ ಇ ಸೂಪರ್ ಅನ್ನುವುದು ಐಎಫ್‌ಎಫ್ ಎಂಬ ಸುಗಂಧ ಕಂಪನಿ ಇಟ್ಟ ವ್ಯಾಪಾರದ ಹೆಸರು. ಹಾಲ್ ಮತ್ತು ಸ್ಯಾಂಡರ್ಸ್ ಎಂಬ ಇಬ್ಬರು ವಿಜ್ಞಾನಿಗಳು 1970ರ ದಶಕದ ಆರಂಭದಲ್ಲಿ ಇದನ್ನು ತಯಾರಿಸಿದರು. ಯಾವ ಗಿಡದಲ್ಲೂ ಇದು ಸಿಗುವುದಿಲ್ಲ. ಆದರೆ ಮಾಡುವ ಮೊದಲ ಸಾಮಾನು ಮಿರ್ಸೀನ್. ಪೈನ್ ಮರದ ಟರ್ಪಂಟೈನ್‌ನಿಂದ ಅದನ್ನು ತಯಾರಿಸುತ್ತಾರೆ. ಮಿರ್ಸೀನ್ ನಮಗೇನೂ ಹೊಸದಲ್ಲ. ಮಾವಿನಕಾಯಿ ತೊಟ್ಟು ಮುರಿದಾಗ ಸೊನೆ ಚಿಮ್ಮುತ್ತದಲ್ಲ, ಆ ಘಾಟಿನಲ್ಲಿ ಮಿರ್ಸೀನ್ ಇರುತ್ತದೆ.

ಮಿರ್ಸೀನ್ ಜೊತೆ ಕೀಟೋನ್ ಎಂಬ ಬಗೆಯ ಒಂದು ವಸ್ತು ಸೇರಿಸಿದರೆ ಪರಮಾಣುಗಳ ಒಂದು ಉಂಗುರ ಆಗುತ್ತದೆ. ಇದು ಡೀಲ್ಸ್-ಆಲ್ಡರ್ ಕ್ರಿಯೆ. ಇದನ್ನು ಕಂಡುಹಿಡಿದ ಡೀಲ್ಸ್, ಆಲ್ಡರ್ ಇಬ್ಬರಿಗೂ ಇದಕ್ಕೇ 1950ರಲ್ಲಿ ನೊಬೆಲ್ ಬಂತು. ಆಮೇಲೆ ಆಮ್ಲ ಹಾಕಿದರೆ ಎರಡನೇ ಉಂಗುರ ಮುಚ್ಚಿಕೊಳ್ಳುತ್ತದೆ. ಕೊನೆಗೆ ಸಿಗುವುದರ ರಾಸಾಯನಿಕ ಸೂತ್ರ ಸಿ16ಎಚ್26ಒ. ಆದರೆ ಆಮ್ಲ ಹಾಕಿದಾಗ ಎಲ್ಲ ಕಣಗಳೂ ಒಂದೇ ರೀತಿ ಮುಚ್ಚಿಕೊಳ್ಳುವುದಿಲ್ಲ. ಜೋಡಿ ಬಂಧ ಒಂದರಲ್ಲಿ ಇಲ್ಲಿ, ಇನ್ನೊಂದರಲ್ಲಿ ಅಲ್ಲಿ. ಹಾಗಾಗಿ ನಿಮ್ಮ ಬಾಟಲಿಯಲ್ಲಿ ಇರುವುದು ಒಂದು ವಸ್ತು ಅಲ್ಲ, ಅಣ್ಣತಮ್ಮಂದಿರ ಒಂದು ಗುಂಪು.

ಈಗ ಕೇಳಿ. ಬಾಟಲಿಯಲ್ಲಿ ಅತಿ ಜಾಸ್ತಿ ಇರುವವನಿಗೆ ವಾಸನೆ ತುಂಬಾ ಕಡಿಮೆ. ಸ್ವಲ್ಪವೇ ಇರುವ ಒಬ್ಬ ತಮ್ಮ ಇದ್ದಾನೆ. ದೊಡ್ಡವನಿಗಿಂತ ಸುಮಾರು ಒಂದು ಲಕ್ಷ ಪಟ್ಟು ಕಡಿಮೆ ಪ್ರಮಾಣದಲ್ಲೇ ಅವನು ಮೂಗಿಗೆ ಗೊತ್ತಾಗುತ್ತಾನೆ. ನಿಮಗೆ ಬಂದ ಆ ಒಂದು ಕ್ಷಣದ ವಾಸನೆ ಬಹುಪಾಲು ಅವನದೇ. ತಯಾರಿಸುವ ರೀತಿ ಬದಲಾದರೆ ಅವನ ಪಾಲೂ ಬದಲಾಗುತ್ತದೆ. ಅದಕ್ಕೇ ಬೇರೆ ಬೇರೆ ತಯಾರಕರ ಮಾಲು ಬೇರೆ ಬೇರೆ ಥರ ಇರುತ್ತದೆ.

ಸಾಣೆಕಲ್ಲು, ಮೈಸೂರು:
ಸರ್, ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಆದರೂ ಒಂದು ಅನುಮಾನ. ವಾಸನೆ ಇದೆ ಅಂದರೆ ಮೊದಲು ಬಂದು ಆಮೇಲೆ ಯಾಕೆ ಹೋಯಿತು? ಆವಿಯಾಗಿ ಹೋಯಿತಾ?

ಬೀಕರು:
ಇಲ್ಲ, ಅಷ್ಟು ಬೇಗ ಆವಿಯಾಗುವುದಿಲ್ಲ. ಪಟ್ಟಿಯ ಮೇಲೆ ದಿನಗಟ್ಟಲೆ ಇರುತ್ತದೆ. ಸುಸ್ತಾಗುವುದು ನಮ್ಮ ಮೂಗು. ಒಂದೇ ವಾಸನೆ ಬರುತ್ತಾ ಇದ್ದರೆ ಮೂಗು ಅದನ್ನು ಮಿದುಳಿಗೆ ತಿಳಿಸುವುದನ್ನೇ ನಿಲ್ಲಿಸುತ್ತದೆ. ಈ ವಸ್ತುವಿನ ಜೊತೆ ಅದು ಬೇಗ ಆಗುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಇದರ ವಾಸನೆ ಸರಿಯಾಗಿ ಗೊತ್ತಾಗುವುದಿಲ್ಲ, ಅದೂ ಉಂಟು.

ಮಂಡ್ಯದಬೆಲ್ಲ:
ಈಗ ಅರ್ಥ ಆಯ್ತು ಸರ್. ನಮ್ಮದು ಆಲೆಮನೆ. ಪಾಕ ಕುದಿಯುವಾಗ ನಮಗೆ ಏನೂ ಅನ್ನಿಸುವುದಿಲ್ಲ. ದಾರಿಯಲ್ಲಿ ಹೋಗುವವರು ಬೈಕ್ ನಿಲ್ಲಿಸಿ "ಆಹಾ" ಅನ್ನುತ್ತಾರೆ. ನಾನು ಎರಡು ದಿನ ಊರಲ್ಲಿ ಇಲ್ಲದೆ ವಾಪಸ್ ಬಂದರೆ, ಬಸ್ ಇಳಿದ ತಕ್ಷಣ ನನಗೂ ಬರುತ್ತದೆ. ಅಕ್ಕ, ವಾಪಸ್ ಕೊಡಿ ಅಂದಿದ್ದೆನಲ್ಲ, ತಪ್ಪಾಯ್ತು.

ಹಳೇಬತ್ತಿ:
ಮೈಸೂರಿನ ಒಂದು ಊದುಬತ್ತಿ ಕಾರ್ಖಾನೆಯಲ್ಲಿ 31 ವರ್ಷ ಕಾಂಪೌಂಡ್ ಕೋಣೆಯಲ್ಲಿ, ಅಂದರೆ ಸುಗಂಧ ಬೆರೆಸುವ ಕೋಣೆಯಲ್ಲಿ, ಕೆಲಸ ಮಾಡಿದೆ. ಈಗ ನಿವೃತ್ತಿ. ಈ ಮಾತು ನೋಡಿ ಸುಮ್ಮನಿರಲು ಆಗಲಿಲ್ಲ.

ಅಮ್ಮಾ, ನಿಮ್ಮ ಮೂಗನ್ನು ಪರೀಕ್ಷೆ ಮಾಡುವುದು ಸುಲಭ. ಆರು ಕಾಗದದ ಪಟ್ಟಿ ಕತ್ತರಿಸಿ. ಮೂರಕ್ಕೆ ಇದನ್ನು ಹಚ್ಚಿ, ಮೂರಕ್ಕೆ ಏನೂ ಬೇಡ. ಹಿಂದುಗಡೆ ಗುರುತು ಹಾಕಿ. ಮನೆಯವರಿಗೆ ಹೇಳಿ ಕಲಸಿಸಿ. ಒಂದೊಂದೇ ಮೂಸಿ, ನಡುವೆ ಹೊರಗೆ ಹೋಗಿ ಗಾಳಿ ತೆಗೆದುಕೊಳ್ಳಿ. ಕಾಫಿ ಬೀಜ ಮೂಸಬೇಕು ಅನ್ನುತ್ತಾರೆ ಕೆಲವರು. ನಾವು ನಮ್ಮ ತೋಳನ್ನೇ ಮೂಸುತ್ತಿದ್ದೆವು. ಕಾಫಿಯೂ ಇನ್ನೊಂದು ವಾಸನೆಯೇ ಅಲ್ವಾ, ಮೂಗಿಗೆ ಮತ್ತೆ ಕೆಲಸ. ಬೆಳಿಗ್ಗೆ ತಿಂಡಿಗೆ ಮುಂಚೆ ಮೂಸಿ. ಒಗ್ಗರಣೆ ಹಾಕಿದ ಮೇಲೆ ಕೂತರೆ ಏನೂ ಸಿಗುವುದಿಲ್ಲ.

ನಾನು ಕೋಣೆಗೆ ಸೇರಿದ ಹೊಸದರಲ್ಲಿ ನಮ್ಮ ಹಿರಿಯರು ಇಂಥ ವಸ್ತುವನ್ನು "ಗೋಡೆ" ಅನ್ನುತ್ತಿದ್ದರು. ಹೂವು, ನಿಂಬೆ, ಮಸಾಲೆ ಎಲ್ಲ ಗೋಡೆಗೆ ಬಿಡಿಸಿದ ಚಿತ್ರ. ಗೋಡೆ ಚೆನ್ನಾಗಿದ್ದರೆ ಗೋಡೆಯನ್ನು ಯಾರೂ ನೋಡುವುದಿಲ್ಲ.

ಒಂದು ಮಾತು ಮಾತ್ರ ಕೇಳಿ. ಬತ್ತಿಗೆ ಹಾಕಿ ಉರಿಸಿದಾಗ ನನಗೆ ಇದರಿಂದ ಅಷ್ಟು ಲಾಭ ಕಾಣಲಿಲ್ಲ. ಹಸಿ ಬತ್ತಿ ಮೂಸಿದರೆ ಒಂದು ಥರ, ಹೊಗೆ ಬೇರೆ ಥರ. ಇದ್ದಿಲು, ಜಿಗಟು, ಬಿದಿರು ಕಡ್ಡಿ ಎಲ್ಲ ಸುಡುವಾಗ ಅವುಗಳದೇ ವಾಸನೆ ಮುಂದೆ ಬರುತ್ತದೆ. ಇದು ಬಟ್ಟೆಗೆ, ಗಾಳಿಗೆ ಒಳ್ಳೆಯದು.

ಲಾವಂಚ:
ಹಳೇಬತ್ತಿ ಸರ್, ಗೋಡೆ ಅಂದಿದ್ದು ಎಷ್ಟು ಸರಿ! 1988ರಲ್ಲಿ ಬಂದ ಡಿಯೋರ್ ಕಂಪನಿಯ ಫ್ಯಾರನ್‌ಹೈಟ್ ಎಂಬ ಸೆಂಟಿನಲ್ಲಿ ಸುಮಾರು ಕಾಲು ಭಾಗ ಇದೇ ಇತ್ತು ಎಂದು ಹೇಳುತ್ತಾರೆ. ಆದರೆ ಜನ ನೆನಪಿಡುವುದು ಅದರ ನೇರಳೆ ಎಲೆಯ, ಪೆಟ್ರೋಲಿನಂಥ ವಾಸನೆಯನ್ನು. 2006ರಲ್ಲಿ ಗೇಜಾ ಶೋನ್ ಎಂಬ ಜರ್ಮನ್ ಸುಗಂಧ ತಯಾರಕ ಗೋಡೆಯನ್ನೇ ಚಿತ್ರ ಮಾಡಿದ. ಮಾಲಿಕ್ಯೂಲ್ 01 ಅಂತ ಹೆಸರಿಟ್ಟು, ಸ್ಪಿರಿಟ್‌ನಲ್ಲಿ ಐಸೋ ಇ ಸೂಪರ್ ಒಂದನ್ನೇ ಬೆರೆಸಿ ಮಾರಿದ. ಹಚ್ಚಿಕೊಂಡವರಿಗೆ ಗೊತ್ತಾಗುವುದಿಲ್ಲ, ಪಕ್ಕದವರು "ಏನು ಹಾಕಿದ್ದೀರಿ" ಅಂತ ಕೇಳುತ್ತಾರೆ. ನಮ್ಮ ಅಕ್ಕನ ಅನುಭವವನ್ನೇ ಅವನು ಬಾಟಲಿಗೆ ತುಂಬಿದ ಹಾಗಾಯ್ತು.

ದೇವರಾಜ_ಪೇಟೆ:
ನಮ್ಮದು ಅತ್ತರು, ಎಣ್ಣೆ ವ್ಯಾಪಾರ. ಅಕ್ಕ, ಸುಲಭ ದಾರಿ ಹೇಳುತ್ತೇನೆ. ಗಂಧದೆಣ್ಣೆ ಒಂದು ಹನಿ ಹಾಕಿ, ಇದನ್ನು ಒಂಬತ್ತು ಹನಿ ಹಾಕಿ. ಮೈಸೂರು ಗಂಧ ಅಂತಲೇ ಕೊಡಬಹುದು. ಯಾರಿಗೂ ಗೊತ್ತಾಗುವುದಿಲ್ಲ. ಪ್ರವಾಸಿಗಳು ಕೇಳುವುದೇ ಆ ಹೆಸರು.

ನಾಗಮಂಗಲದ_ತೋಟ:
ದಯವಿಟ್ಟು ಹಾಗೆ ಮಾಡಬೇಡಿ ಅಣ್ಣಾ. ನಾನು ಶ್ರೀಗಂಧ ಬೆಳೆದವನು. ನನ್ನ ಹೊಟ್ಟೆಗೆ ತಾಗುವ ಮಾತು ಇದು.

ನಮ್ಮ ಅಜ್ಜನ ಕಾಲದಲ್ಲಿ ಹೊಲದ ಬದುವಿನಲ್ಲಿ ಗಂಧದ ಸಸಿ ತಾನಾಗಿ ಹುಟ್ಟಿದರೆ ಕಿತ್ತು ಬಿಸಾಡುತ್ತಿದ್ದರು. ಯಾಕೆ? ಮರ ಬೆಳೆದರೆ ಅದು ನಮ್ಮದಲ್ಲ, ಸರ್ಕಾರದ್ದು. ಟಿಪ್ಪು ಕಾಲದಿಂದ ಅದು ರಾಜವೃಕ್ಷ. ಕಳುವಾದರೆ ನಮ್ಮನ್ನೇ ಕೇಳುತ್ತಿದ್ದರು. 2001ರಲ್ಲಿ ಕಾನೂನು ಬದಲಾಗಿ ಬೆಳೆದವನಿಗೇ ಮರ ಅಂತ ಆಯಿತು. ಆ ಧೈರ್ಯದ ಮೇಲೆ ನಾನು ಒಂದು ಎಕರೆಯಲ್ಲಿ ಹಾಕಿದೆ.

ಗಂಧದ ಗಿಡ ಒಂಟಿಯಾಗಿ ಬದುಕುವುದಿಲ್ಲ. ಅದರ ಬೇರು ಪಕ್ಕದ ಗಿಡದ ಬೇರಿಗೆ ಬಾಯಿ ಹಾಕಿ ನೀರು, ಸತ್ವ ಹೀರುತ್ತದೆ. ಸಸಿ ಇದ್ದಾಗ ತೊಗರಿ ಹಾಕಿದೆ, ಆಮೇಲೆ ಸರ್ವೆ, ಹೊಂಗೆ. ಒಂಬತ್ತು ವರ್ಷ ಆಯ್ತು. ಈಗ ಕಡಿದರೆ ಬಹುಪಾಲು ಬಿಳಿ ಕಟ್ಟಿಗೆ. ವಾಸನೆ ಇರುವುದು ಚೇಗಿನಲ್ಲಿ, ಅಂದರೆ ಮರದ ಒಳತಿರುಳಿನಲ್ಲಿ. ಅದು ಕೈತುಂಬ ಬರಲು ಇನ್ನೂ ಅಷ್ಟೇ ವರ್ಷ ಕಾಯಬೇಕು. ಎಲೆ ಚಿಕ್ಕದಾಗಿ ಕಡ್ಡಿ ಕಡ್ಡಿಯಾಗಿ ನಿಂತು ಒಣಗುವ ಸ್ಪೈಕ್ ರೋಗ ಬಂದರೆ ಮರ ಹೋಯಿತು ಅಂತಲೇ. ರಾತ್ರಿ ನಾಯಿ ಬೊಗಳಿದರೆ ಟಾರ್ಚ್ ಹಿಡಿದು ಓಡುತ್ತೇನೆ. ಇಷ್ಟು ಕಾದ ಮೇಲೆ ಒಂಬತ್ತು ಹನಿ ಬೇರೇನೋ ಹಾಕಿ ಅದೇ ಹೆಸರಿನಲ್ಲಿ ಮಾರಿದರೆ, ಗಂಧ ಅಂದರೆ ಇಷ್ಟೇ ಅಂತ ಜನ ತಿಳಿದುಕೊಳ್ಳುತ್ತಾರೆ. ಮುಂದೆ ನನ್ನ ಮರದ ಎಣ್ಣೆ ಮೂಸಿ "ಇದು ಅಸಲಿ ಅಲ್ಲ" ಅಂದರೂ ಅಂದಾರು.

ದೇವರಾಜ_ಪೇಟೆ:
ತಪ್ಪು ತಿಳಿಯಬೇಡಿ ಅಣ್ಣ. ವ್ಯಾಪಾರದಲ್ಲಿ ಎಲ್ಲರೂ ಮಾಡುವುದನ್ನು ಹೇಳಿದೆ ಅಷ್ಟೇ. ಬರೀ ಅಸಲಿ ಇಟ್ಟರೆ ಬಡವರು ಎಲ್ಲಿಂದ ಕೊಳ್ಳುವುದು? ಗಂಧದ ವಾಸನೆ ಎಲ್ಲರಿಗೂ ಬೇಕಲ್ವಾ?

ಹಳೇಬತ್ತಿ:
ಇಬ್ಬರ ಮಾತಲ್ಲೂ ನೋವಿದೆ. ನಾನು ಎರಡೂ ಕಡೆ ನೋಡಿದವನು.

ನಾನು ಹುಡುಗನಾಗಿದ್ದಾಗ ಮಾನಂದವಾಡಿ ರಸ್ತೆಯಲ್ಲಿ ಗಂಧದೆಣ್ಣೆ ಕಾರ್ಖಾನೆ ದಾಟುವಾಗ ಬಸ್ಸಿನಲ್ಲಿದ್ದವರೆಲ್ಲ ಒಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರು. ಮಾತಾಡುತ್ತಿದ್ದವರೂ ನಿಲ್ಲಿಸುತ್ತಿದ್ದರು. ಮೊದಲು ನಮ್ಮ ಗಂಧದ ಕೊರಡು ಹರಾಜಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಮೊದಲನೇ ಮಹಾಯುದ್ಧ ಬಂದು ಹಡಗು ನಿಂತಿತು. ಕೊರಡು ರಾಶಿ ಬಿತ್ತು. ಆಗ ನಾಲ್ವಡಿಯವರು, ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಇಲ್ಲೇ ಎಣ್ಣೆ ತೆಗೆಯೋಣ ಅಂತ 1916ರಲ್ಲಿ ಕೆಲಸ ಶುರು ಮಾಡಿಸಿದರು. ಆ ಹೆಸರಿನ ಹಿಂದೆ ಇಷ್ಟೆಲ್ಲ ಇದೆ. ಮೈಸೂರು ಗಂಧದೆಣ್ಣೆಗೆ ಭೌಗೋಳಿಕ ಗುರುತೂ ಸಿಕ್ಕಿದೆ. ಆ ಹೆಸರನ್ನು ಬೇರೆ ಬಾಟಲಿಗೆ ಅಂಟಿಸಬಾರದು. ನನ್ನ ಮಾತು ಖಡಾಖಂಡಿತ.

ಆದರೆ ಬಡವರ ಪ್ರಶ್ನೆಯೂ ನಿಜ. ಎಲ್ಲ ಊದುಬತ್ತಿಗೂ ಅಸಲಿ ಎಣ್ಣೆ ಹಾಕುತ್ತಾ ಹೋಗಿದ್ದರೆ ನಮ್ಮ ಕಾಡಿನಲ್ಲಿ ಒಂದು ಗಂಧದ ಮರವೂ ಉಳಿಯುತ್ತಿರಲಿಲ್ಲ. ಗಂಧದ ವಾಸನೆಗೆ ಹತ್ತಿರ ಇರುವ ತಯಾರಿ ವಸ್ತುಗಳು ಬೇರೆ ಇವೆ. ಸ್ಯಾಂಡಲೋರ್, ಎಬನಾಲ್, ಜವನಾಲ್, ಬ್ಯಾಕ್‌ಡನಾಲ್. ಬತ್ತಿಯ ಕಾಂಪೌಂಡ್‌ನಲ್ಲಿ ಹೆಚ್ಚು ಹೋಗುವುದು ಐಸೋಬಾರ್ನೈಲ್ ಸೈಕ್ಲೋಹೆಕ್ಸನಾಲ್, ಅದು ಇವೆಲ್ಲಕ್ಕಿಂತ ಅಗ್ಗ. ಹತ್ತು ರೂಪಾಯಿಯ ಗಂಧದಕಡ್ಡಿ ಹಚ್ಚಿ ಕೈಮುಗಿಯುವ ಅಜ್ಜಿಗೆ ನಾನು ಯಾವತ್ತೂ ಕೀಳು ಅನ್ನುವುದಿಲ್ಲ. ಪ್ಯಾಕೆಟ್ ಮೇಲೆ "ಗಂಧದ ಪರಿಮಳ" ಅಂತ ಬರೆದರೆ ಸಾಕು. "ಅಸಲಿ ಗಂಧದೆಣ್ಣೆ" ಅಂತ ಬರೆದಾಗ ನನಗೆ ಕೋಪ ಬರುತ್ತದೆ.

ಬೀಕರು:
ಮೂಗಿನ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಅಸಲಿ ಗಂಧದೆಣ್ಣೆಯ ಮುಖ್ಯ ವಸ್ತು ಸ್ಯಾಂಟಲಾಲ್. ಗುಣಮಟ್ಟದ ಅಳತೆಯಲ್ಲಿ ಆಲ್ಫಾ ಸ್ಯಾಂಟಲಾಲ್ ನೂರಕ್ಕೆ 41ರಿಂದ 55, ಬೀಟಾ ಸ್ಯಾಂಟಲಾಲ್ 16ರಿಂದ 24 ಇರಬೇಕು. ಹಾಲಿನ ಕೆನೆಯಂಥ ಆ ನಿಜವಾದ ಗಂಧದ ವಾಸನೆ ಬಹುಮಟ್ಟಿಗೆ ಬೀಟಾದ್ದು. ಐಸೋ ಇ ಸೂಪರ್‌ನಲ್ಲಿ ಸ್ಯಾಂಟಲಾಲ್ ಒಂದು ಚೂರೂ ಇಲ್ಲ. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿದರೆ ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ. "ಯಾರಿಗೂ ಗೊತ್ತಾಗುವುದಿಲ್ಲ" ಅನ್ನುವುದು ಸರಿಯಲ್ಲ.

ಶ್ರೀರಂಗಪಟ್ಟಣದ_ಅಮ್ಮ:
ಕೆಮಿಕಲ್ ಅಂದರೆ ನನಗೆ ಭಯ. ಮನೆಯಲ್ಲಿ ಚಿಕ್ಕ ಮಗು ಇದೆ. ಇದು ವಿಷ ಅಲ್ವಾ?

ಬೀಕರು:
ನಿಮ್ಮ ಭಯ ಸಹಜ ಅಮ್ಮಾ. ಗಂಧದೆಣ್ಣೆಯೂ ಕೆಮಿಕಲ್‌ಗಳೇ. ಕಾರ್ಖಾನೆಯಲ್ಲಿ ಆಯಿತಾ, ಮರದಲ್ಲಿ ಆಯಿತಾ ಅನ್ನುವುದರ ಮೇಲೆ ವಿಷ ನಿರ್ಧಾರ ಆಗುವುದಿಲ್ಲ. ಆದರೂ ಜಾಗ್ರತೆ ಬೇಕು. ಕೆಲವರ ಚರ್ಮಕ್ಕೆ ಇದು ಅಲರ್ಜಿ ಮಾಡಬಹುದು. ಅದಕ್ಕೇ ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಸ್ಥೆ ಇಫ್ರಾ ಇದಕ್ಕೆ ಮಿತಿ ಇಟ್ಟಿದೆ. ಮಿತಿ ಒಂದೊಂದು ಬಳಕೆಗೆ ಒಂದೊಂದು. ಮಾರುವವರಿಂದ ಆ ಮಿತಿ ಬರೆದ ಹಾಳೆ ಕೇಳಿ ಪಡೆಯಿರಿ. ನೇರವಾಗಿ ಮೈಗೆ ಹಚ್ಚಬೇಡಿ. ಮಕ್ಕಳ ಕೈಗೆ ಸಿಗಬಾರದು. ಇನ್ನೊಂದು, ಉಳಿದಿದ್ದನ್ನು ಸಿಂಕಿಗೆ ಸುರಿಯಬೇಡಿ. ನೀರಿನಲ್ಲಿರುವ ಜೀವಿಗಳಿಗೆ ಇದು ಒಳ್ಳೆಯದಲ್ಲ. ನಮ್ಮ ಮೋರಿ ನೀರು ಕೊನೆಗೆ ಕೆರೆಗೋ ನದಿಗೋ ಸೇರುತ್ತದೆ.

ಸಾಣೆಕಲ್ಲು, ಮೈಸೂರು:
ಆರು ಪಟ್ಟಿಯ ಪರೀಕ್ಷೆ ಮಾಡಿದೆ. ನಮ್ಮವರು ಕಲಸಿ ಕೊಟ್ಟರು. ಆರಕ್ಕೆ ಆರೂ ಸರಿ ಹೇಳಿದೆ! ಬೆಳಿಗ್ಗೆ ಆರೂವರೆಗೆ, ಬಾಲ್ಕನಿಯಲ್ಲಿ. ಮೋಸ ಅಲ್ಲ. ಅಂಗಡಿಯವರ ಮೇಲೆ ಅನುಮಾನ ಪಟ್ಟೆ, ಆ ಮಾತು ವಾಪಸ್ ತೆಗೆದುಕೊಂಡಿದ್ದೇನೆ. ಫೋನಿನಲ್ಲಿ ಒಂದು ನಿಮಿಷ ವಿವರಿಸಿದ್ದರೆ ನನಗೆ ಎರಡು ದಿನದ ಬೇಜಾರು ತಪ್ಪುತ್ತಿತ್ತು.

ಈಗ ಹೇಳಿ, ಬೀರುವಿಗೆ ಹೇಗೆ ಬೆರೆಸಲಿ? ರೇಷ್ಮೆಗೆ ತಾಗದ ಹಾಗೆ ಇರಬೇಕು.

ಲಾವಂಚ:
ನಾನಾದರೆ ಹೀಗೆ ಮಾಡುತ್ತೇನೆ. ಹನಿ ಎಣಿಸಬೇಡಿ, ಚಿನ್ನ ತೂಗುವಂಥ ಸಣ್ಣ ತಕ್ಕಡಿ ಬಳಸಿ. ಹನಿ ದಪ್ಪ ಒಂದೊಂದು ಸಲ ಒಂದೊಂದು ಥರ. ಐಸೋ ಇ ಸೂಪರ್ 2 ಗ್ರಾಂ. ಲಾವಂಚದ ಎಣ್ಣೆ ಕಾಲು ಗ್ರಾಂ. ನಿಮ್ಮ ಗಂಧದೆಣ್ಣೆ ಅರ್ಧ ಗ್ರಾಂ. ಗಾಜಿನ ಶೀಶೆಯಲ್ಲಿ ಬೆರೆಸಿ, ಎರಡು ವಾರ ಕತ್ತಲಲ್ಲಿ ಬಿಡಿ. ಮೊದಲ ದಿನ ಲಾವಂಚದ ಮಣ್ಣಿನ ವಾಸನೆಯೇ ಜಾಸ್ತಿ ಇರುತ್ತದೆ, ಹೆದರಬೇಡಿ, ಇಳಿಯುತ್ತದೆ.

ಐಸೋ ಇ ಸೂಪರ್ ಗಂಧ ಆಗುವುದಿಲ್ಲ. ಆದರೆ ಗಂಧದ ಸುತ್ತ ಜಾಗ ಮಾಡಿಕೊಡುತ್ತದೆ. ಅರ್ಧ ಗ್ರಾಂ ಗಂಧ ದೂರಕ್ಕೆ ಕೇಳಿಸುತ್ತದೆ.

ಮಲ್ಲಿಗೆ ಬೇಕು ಅನ್ನಿಸಿದರೆ ಇನ್ನೊಂದು ಸಲ ಹೆಡಿಯೋನ್ ಸೇರಿಸಿ ನೋಡಿ. ಬೀರುವಿಗೆ ಬೇಡ.

ಹಳೇಬತ್ತಿ:
ರೇಷ್ಮೆಗೆ ಎಣ್ಣೆ ಕಲೆ ಬಿದ್ದರೆ ಹೋಗುವುದಿಲ್ಲ. ಹತ್ತಿ ಉಂಡೆಗೆ ಎರಡು ಹನಿ ಹಾಕಿ, ಕಿರುಬಾಯಿಯ ಪಿಂಗಾಣಿ ಕುಪ್ಪಿಯಲ್ಲಿಟ್ಟು ಬೀರುವಿನ ಮೂಲೆಯಲ್ಲಿ ನಿಲ್ಲಿಸಿ. ಪ್ಲಾಸ್ಟಿಕ್ ಡಬ್ಬಿ ಬೇಡ. ನೀವು ದಿನಾ ಬಾಗಿಲು ತೆಗೆದು ಪರೀಕ್ಷಿಸಬೇಡಿ, ನಿಮಗೆ ಗೊತ್ತಾಗುವುದಿಲ್ಲ. ಬರಲಿಲ್ಲ ಅಂತ ಇನ್ನೂ ನಾಲ್ಕು ಹನಿ ಹಾಕಿಬಿಡುತ್ತೀರಿ. ಹೊಸಬರು ಮಾಡುವ ತಪ್ಪೇ ಅದು. ಕೋಣೆಯಲ್ಲಿ ನಾನೂ ಮಾಡಿ ಬೈಸಿಕೊಂಡಿದ್ದೇನೆ.

ಸಾಣೆಕಲ್ಲು, ಮೈಸೂರು:
ಇಪ್ಪತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ನೀವು ಹೇಳಿದ ಹಾಗೆಯೇ ಬೆರೆಸಿ ಎರಡು ವಾರ ಬಿಟ್ಟು ಬೀರುವಿನಲ್ಲಿ ಇಟ್ಟೆ. ನನಗೆ ಎರಡನೇ ದಿನದಿಂದಲೇ ಏನೂ ಬರಲಿಲ್ಲ. ಕೈ ತಡೆದುಕೊಂಡೆ, ಒಂದು ಹನಿಯೂ ಹೆಚ್ಚು ಹಾಕಲಿಲ್ಲ. ಮಾವನವರಿಗೆ ಮೂಗು ಈಗ ಮಂದ. ಅವರೂ ತಲೆ ಅಲ್ಲಾಡಿಸಿದರು.

ನೆನ್ನೆ ಮಗಳು ಹಾಸ್ಟೆಲಿನಿಂದ ಬಂದಳು. ಅವಳಿಗೆ ಏನೂ ಹೇಳಿರಲಿಲ್ಲ. ಮದುವೆಗೆ ಸೀರೆ ಹುಡುಕಲು ಬೀರು ತೆಗೆದವಳು ಅಲ್ಲೇ ನಿಂತಳು. "ಅಮ್ಮಾ, ತಾತನ ಕೊರಡು ಇಲ್ಲಿಟ್ಟಿದ್ದೀಯಾ?" ಅಂದಳು. ಮಾವನವರಿಗೆ ಇದನ್ನು ಹೇಳಿದೆ. ಅವರು ಎದ್ದು ಹೋಗಿ ಬೀರುವಿನ ಮುಂದೆ ಇನ್ನೊಂದು ಸಲ ನಿಂತುಕೊಂಡರು.

ಪಕ್ಕದ ಮನೆಯವರು ಮೂರು ಕುಪ್ಪಿ ಕೇಳಿದ್ದಾರೆ. ಚೀಟಿ ಹೀಗೆ ಬರೆದಿದ್ದೇನೆ, ಸರಿ ಇದೆಯಾ ನೋಡಿ: "ಬೀರುವಿಗೆ ಮರದ ಪರಿಮಳ. ಐಸೋ ಇ ಸೂಪರ್, ಲಾವಂಚದ ಎಣ್ಣೆ, ಸ್ವಲ್ಪ ಶ್ರೀಗಂಧದ ಎಣ್ಣೆ. ಮೈಗೆ ಹಚ್ಚಬೇಡಿ. ಮಕ್ಕಳಿಂದ ದೂರ ಇಡಿ."

ನಾಗಮಂಗಲದ_ತೋಟ:
"ಸ್ವಲ್ಪ" ಅಂತ ಬರೆದಿರಲ್ಲ ಅಕ್ಕ, ಅದನ್ನು ನೋಡಿ ಖುಷಿಯಾಯಿತು. ನಮ್ಮ ಮರ ಕಡಿಯುವ ವರ್ಷ ನಿಮ್ಮ ಮಾವನವರ ಸಾಣೆಕಲ್ಲಿಗೆ ಒಂದು ಕೊರಡು. ಇಲಾಖೆಯ ಅನುಮತಿ, ಕಾಗದಪತ್ರ ಎಲ್ಲ ಸರಿ ಮಾಡಿಸಿಯೇ ಕೊಡುತ್ತೇನೆ.

ಹಳೇಬತ್ತಿ:
ಚೀಟಿ ಚೆನ್ನಾಗಿದೆ ಅಮ್ಮಾ. ಬೆರೆಸಿದ ತಾರೀಖು ಒಂದು ಹಾಕಿ.